ವರ್ನ್ ಸ್ಟಾನರ್ಡ್ ಅವರ ನಾಲಿಗೆ

ಟಾರ್ಬೆಲ್, ವರ್ಮಾಂಟ್
ಅಕ್ಟೋಬರ್ 19, 1986

ಲೊರೀನ್‌ಗೆ,

ನಾನು ನಿನಗೆ ಕಾಗದ ಬರೆಯದೆ ಎರಡು ವರ್ಷವಾಯಿತು. ಈಗಲೂ ಬರೆಯುತ್ತಿರಲಿಲ್ಲ. ಆದರೆ ಊರಿನಲ್ಲಿ ನಡೆಯುತ್ತಿರುವುದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಅನ್ನ ಅರಗುವುದಿಲ್ಲ. ಎಲ್ವುಡ್ ಪೈಕ್‌ಗೆ ಹೇಳೋಣವೆಂದರೆ, ಗುಡ್ಡದ ಆಚೆ ಬದಿಯಲ್ಲಿ ಮೇಪಲ್ ಮರದ ರಸ ಇಳಿಸಿ ಪಾಕ ಕಾಯಿಸುತ್ತ ಐವತ್ತು ವರ್ಷ ಕಳೆದಿರುವ ಆ ಪುಣ್ಯಾತ್ಮ ನಾನು ಬಾಯಿ ತೆರೆಯುವ ಮೊದಲೇ ತನ್ನದನ್ನು ಶುರು ಮಾಡುತ್ತಾನೆ.

ನಮ್ಮ ಶಾಲೆಗೆ ಮಿಸ್ ಲಡ್ಲೊ ಎಂಬ ಹೊಸ ಟೀಚರ್ ಬಂದಿದ್ದಾಳೆ. ಬಾಸ್ಟನ್ ಕಡೆಯವಳು. ಶುಕ್ರವಾರ ಮಧ್ಯಾಹ್ನ ಮಕ್ಕಳಿಗೆ ಕೈಬರಹ ತಿದ್ದಿಸುತ್ತಿದ್ದ ಅವಧಿಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ 'ಯೋಚನೆಯ ತಾಸು' ಅಂತ ಮಾಡಿದ್ದಾಳೆ. ಕರಿಹಲಗೆಯ ಮೇಲೆ 'ನಿಮಗೆ ಅದು ಹೇಗೆ ಗೊತ್ತು?' ಎಂದು ಬರೆದು, ವರ್ಷವಿಡೀ ಅಳಿಸಬೇಡಿ ಎಂದಿದ್ದಾಳಂತೆ. ಮಕ್ಕಳು ಅದನ್ನು ಶಾಲೆಯಲ್ಲೇ ಬಿಟ್ಟು ಬಂದರೆ ನನ್ನದೇನೂ ತಕರಾರಿಲ್ಲ. ಮನೆಗೆ ತರುತ್ತಿದ್ದಾರೆ. ಊಟವಾದ ಮೇಲೆ ಒಂದು ಗಂಟೆ ಈಜಬಾರದು ಎಂದ ತಾಯಿಗೆ, ಹೇಗೆ ಗೊತ್ತು. ಒದ್ದೆ ತಲೆಯಲ್ಲಿ ಹೊರಗೆ ಹೋದರೆ ಶೀತ ಎಂದ ಅಜ್ಜಿಗೆ, ಹೇಗೆ ಗೊತ್ತು. ಊರಿನಲ್ಲಿ ದೊಡ್ಡವರು ಬಾಯಿ ಬಿಡುವಂತಿಲ್ಲ.

ಎಲ್ವುಡ್‌ನ ಕಥೆ ಕೇಳು. ಪ್ರತಿ ಅಕ್ಟೋಬರಿನಲ್ಲಿ ಅವನು ಅಂಗಡಿಯ ಜಗಲಿಯ ಮೇಲೆ ಕೂತು, ಒಂದು ಕಂಬಳಿಹುಳವನ್ನು ಅಂಗೈ ಮೇಲೆ ಬಿಟ್ಟುಕೊಂಡು, ಅದರ ಕಪ್ಪು ಪಟ್ಟೆ ಅಗಲವಾಗಿದ್ದರೆ ಕಡುಚಳಿ, ಕಂದು ಪಟ್ಟೆ ಅಗಲವಾಗಿದ್ದರೆ ಮೆದು ಚಳಿಗಾಲ ಎಂದು ಹೇಳುವುದು ನಿನಗೆ ಗೊತ್ತೇ ಇದೆ. ಈ ಸಲ ಆರನೇ ತರಗತಿಯ ಮಕ್ಕಳು ಒಂದು ಬೂಟಿನ ಡಬ್ಬಿ ತುಂಬ ಹುಳ ಹಿಡಿದುಕೊಂಡು ಬಂದರು. ಎಲ್ವುಡ್ ಹಿಗ್ಗಿ ಹೀರೇಕಾಯಿಯಾದ. ಮೊದಲನೆಯದು ಕಡುಚಳಿ ಎಂದ. ಎರಡನೆಯದು ಮೆದು. ಮೂರನೆಯದು ಮತ್ತೆ ಕಡುಚಳಿ. ಆಮೇಲೆ ಅವನ ಹಣೆಯಲ್ಲಿ ಬೆವರು. ಆಗ ಕೋಟಾ ಮನೆಯ ಹುಡುಗಿ ಡೆಲಿಯಾ ಮುಂದೆ ಬಂದು, "ಪೈಕ್ ತಾತ, ಎಲ್ಲಾ ಹುಳಾನೂ ಒಂದೇ ಬೇಲಿ ಹತ್ರ ಸಿಕ್ಕಿದ್ದು. ಹಂಗಾದ್ರೆ ಯಾವ ಹುಳಕ್ಕೆ ಚಳಿ ಜಾಸ್ತಿ?" ಅಂದಳು.

"ಡಬ್ಬೀಲಿ ಹಾಕಿದ್ದಕ್ಕೆ ಅವುಕ್ಕೆ ಗಾಬರಿ ಆಗಿದೆ ಕಣಮ್ಮ" ಎಂದು ಎಲ್ವುಡ್ ಎದ್ದು ಹೋದ. ಅವತ್ತಿನಿಂದ ಜಗಲಿಗೆ ಬಂದಿಲ್ಲ.

ನೀನು ಆ ವಯಸ್ಸಿನಲ್ಲಿ ಹೀಗೇ ಇದ್ದೆ. ಯಾಕೆ, ಯಾಕೆ ಎಂದು ನನ್ನ ಬೆನ್ನು ಹತ್ತುತ್ತಿದ್ದೆ. ನಿನಗೆ ಯಾಕಮ್ಮ ಎಂದು ಹೆಸರಿಟ್ಟದ್ದು ನಾನೇ. ಮನೆಗೊಬ್ಬಳು ಯಾಕಮ್ಮನಾದರೆ ಹೇಗೋ ಸುಧಾರಿಸಬಹುದು. ತರಗತಿ ತುಂಬ ಯಾಕಮ್ಮಂದಿರಾದರೆ ಊರು ನಡೆಯುವುದು ಹೇಗೆ?

ಇಂತಿ,
ವರ್ನ್ ಸ್ಟಾನರ್ಡ್
ಸಭಾಪತಿ, ಟಾರ್ಬೆಲ್ ಊರ ಸಭೆ

*

ಸ್ಯಾಂಡಸ್ಕಿ, ಓಹಾಯೋ
ನವೆಂಬರ್ 2, 1986

ಪ್ರೀತಿಯ ಅಪ್ಪ,

ಎರಡು ವರ್ಷದ ಮೇಲೆ ಬಂದ ಕಾಗದ ಹುಳಗಳ ಬಗ್ಗೆ ಇದ್ದರೂ ಪರವಾಗಿಲ್ಲ, ಬಂತಲ್ಲ. ಹೆತ್ತ ಮಗಳಿಗೆ ಬರೆಯುವಾಗಲೂ ಹೆಸರಿನ ಕೆಳಗೆ ಸಭಾಪತಿ ಎಂದು ಹಾಕಿಕೊಳ್ಳುವವನು ಅಮೆರಿಕದಲ್ಲಿ ನೀನೊಬ್ಬನೇ ಇರಬೇಕು. ಓದಿ ನಕ್ಕೆ, ಆಮೇಲೆ ಸ್ವಲ್ಪ ಅತ್ತೆ.

ಮಿಸ್ ಲಡ್ಲೊ ನನಗೆ ಹಿಡಿಸಿದಳು. ಯೋಚನೆಯ ತಾಸು ನನ್ನ ಕಾಲದಲ್ಲಿ ಇದ್ದಿದ್ದರೆ ನನಗೆ ಯಾಕಮ್ಮ ಎಂಬ ಹೆಸರಿನ ಬದಲು ಒಳ್ಳೆಯ ಅಂಕ ಸಿಗುತ್ತಿತ್ತು.

ನಾನು ಮನೆ ಬಿಟ್ಟದ್ದು ಯಾವುದಕ್ಕೆ ಎಂದು ಒಮ್ಮೆ ನೆನಪು ಮಾಡಿಕೊ. ಮೊಣಕಾಲುದ್ದ ಹಿಮದಲ್ಲಿ ಮರದಿಂದ ಮರಕ್ಕೆ ಬಕೆಟ್ ಹೊತ್ತು ರಸ ತರುವ ಬದಲು, ಎಲ್ಲರಂತೆ ಪ್ಲಾಸ್ಟಿಕ್ ಕೊಳವೆ ಎಳೆದರೆ ರಸ ತಾನಾಗಿ ಇಳಿದು ಆಲೆಮನೆಗೆ ಬರುತ್ತದೆ ಎಂದೆ. ಕೊಳವೆಯಲ್ಲಿ ಬಂದರೆ ಪಾಕದ ರುಚಿ ಕೆಡುತ್ತದೆ ಎಂದೆ ನೀನು. ಹೇಗೆ ಗೊತ್ತು ಎಂದು ಕೇಳಿದೆ. "ನನ್ನ ನಾಲಿಗೆಗೆ ಗೊತ್ತು. ಅದರ ಮೇಲೆ ನಂಬಿಕೆ ಇಲ್ದೋರು ಈ ಆಲೆಮನೇಲಿ ನಿಲ್ಲಬೇಡಿ" ಎಂದೆ. ನಾನು ನಿಲ್ಲಲಿಲ್ಲ. ಐದು ಚಳಿಗಾಲ ಕಳೆದವು. ಈಗ ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ನಿನ್ನ ನಾಲಿಗೆ ನನ್ನ ಪಾಲಿಗೂ ಬಂದಿದೆ ಎಂದುಕೋ. ಆದರೆ ಇಲ್ಲಿ ಅದನ್ನು ಯಾರೂ ಸುಮ್ಮನೆ ನಂಬುವುದಿಲ್ಲ.

ಎಲ್ವುಡ್ ಅಂಕಲ್‌ಗೆ ಹೇಳು, ಹುಳಗಳ ಗಾಬರಿ ಬೇಗ ಇಳಿಯಲಿ ಎಂದು ನಾನು ಹಾರೈಸಿದೆ ಅಂತ.

ನಿನ್ನ
ಯಾಕಮ್ಮ

*

ಟಾರ್ಬೆಲ್ ಗ್ರಾಮ ಶಾಲೆ
ಡಿಸೆಂಬರ್ 8, 1986

ಮಾನ್ಯ ಸ್ಟಾನರ್ಡ್ ತಾತ ಅವರಿಗೆ,

ನನ್ನ ಹೆಸರು ಡೆಲಿಯಾ ಕೋಟಾ. ಆರನೇ ತರಗತಿ. ಕಂಬಳಿಹುಳದ ವಿಷಯದಲ್ಲಿ ನೀವು ನನ್ನನ್ನು ಅಂಗಡಿಯಲ್ಲಿ ದುರುಗುಟ್ಟಿ ನೋಡಿದ್ದೀರಿ, ಆದ್ದರಿಂದ ನನ್ನ ಗುರುತು ಇರುತ್ತದೆ.

ಯಾರ ಪಾಕವಾದರೂ ಸರಿ, ಒಂದು ಸಲ ನೆಕ್ಕಿದರೆ ಯಾರ ಮರದ್ದು, ಯಾವ ವಾರ ಇಳಿಸಿದ್ದು ಎಂದು ನೀವು ಹೇಳುತ್ತೀರಿ ಎಂದು ಊರಿನವರೆಲ್ಲ ಹೇಳುತ್ತಾರೆ. ನಮ್ಮ ಅಪ್ಪನೂ ಹೇಳುತ್ತಾರೆ. ಅದನ್ನು ಯಾರಾದರೂ ನೋಡಿದ್ದಾರಾ ಎಂದು ನಾವು ತರಗತಿಯಲ್ಲಿ ಕೇಳಿದೆವು. ನೀವು ಹೇಳಿದ್ದನ್ನು ಎಲ್ಲರೂ ನೋಡಿದ್ದಾರೆ. ನೀವು ಹೇಳಿದ್ದು ಸರಿಯೇ ಎಂದು ನೋಡಿದವರು ಸಿಕ್ಕಲಿಲ್ಲ.

ಜನವರಿಯಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಹಿಮದ ಮೇಲೆ ಪಾಕ ಹುಯ್ದು ತಿನ್ನುವ ಊಟ ಇದೆಯಲ್ಲ, ಅವತ್ತು ನಾವು ನಿಮ್ಮ ನಾಲಿಗೆಯನ್ನು ಪರೀಕ್ಷೆ ಮಾಡಬಹುದೇ? ನೋವಾಗುವುದಿಲ್ಲ.

ನೀವು ಸರಿಯಾಗಿ ಹೇಳುತ್ತೀರಿ ಎಂದು ತರಗತಿಯಲ್ಲಿ ಬಹಳ ಜನ ಕೈ ಎತ್ತಿದ್ದಾರೆ. ನಾನೂ ಎತ್ತಿದ್ದೇನೆ.

ವಿಧೇಯಳಾದ
ಡೆಲಿಯಾ ಕೋಟಾ

*

ಟಾರ್ಬೆಲ್
ಡಿಸೆಂಬರ್ 14, 1986

ಲೊರೀನ್‌ಗೆ,

ಕೋಟಾ ಹುಡುಗಿಯ ಕಾಗದ ಇದರ ಜೊತೆ ಇಟ್ಟಿದ್ದೇನೆ. ಓದಿ ವಾಪಸು ಕಳಿಸು, ಚೌಕಟ್ಟು ಹಾಕಿಸಬೇಕು. ನೋವಾಗುವುದಿಲ್ಲವಂತೆ.

ಊರ ಮಧ್ಯದಲ್ಲಿ ಕೂರಿಸಿ ನನ್ನ ನಾಲಿಗೆಗೆ ಪರೀಕ್ಷೆ. ನಿಮ್ಮಜ್ಜನಿಗೂ ಈ ನಾಲಿಗೆ ಇತ್ತು, ಅವರನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಒಲ್ಲೆ ಎಂದು ಬರೆಯಲು ಕೂತೆ. ಅಷ್ಟರಲ್ಲಿ ಎಲ್ವುಡ್ ಬಂದ. "ಒಲ್ಲೆ ಅಂದ್ರೆ ಹೆದರಿದ ಅಂತಾರೆ ವರ್ನ್. ನನ್ನ ಮಾನ ಅಂತೂ ಹುಳದ ಜೊತೆ ಹೋಯ್ತು. ನಿಂದು ಹೋಗಬಾರದು. ಹೋಗಿ ಗೆದ್ದು ಬಾ" ಎಂದ.

ಒಪ್ಪಿಕೊಂಡಿದ್ದೇನೆ. ಇದರಿಂದ ಆ ಯೋಚನೆಯ ತಾಸಿಗೆ ಒಳ್ಳೆಯ ಪಾಠವಾಗುತ್ತದೆ. ದೊಡ್ಡವರಿಗೆ ಕೆಲವು ವಿಷಯ ಸುಮ್ಮನೆ ಗೊತ್ತಿರುತ್ತದೆ ಎಂಬ ಪಾಠ.

ಇಂತಿ,
ವರ್ನ್ ಸ್ಟಾನರ್ಡ್
ಸಭಾಪತಿ

*

ಸ್ಯಾಂಡಸ್ಕಿ
ಡಿಸೆಂಬರ್ 22, 1986

ಪ್ರೀತಿಯ ಅಪ್ಪ,

ಹಬ್ಬದ ಶುಭಾಶಯ. ಒಂದು ಡಬ್ಬಿ ಬಿಸ್ಕತ್ತು ಕಳಿಸಿದ್ದೇನೆ. ಎಲ್ವುಡ್ ಅಂಕಲ್‌ಗೂ ಕೊಡು, ಅಡಗಿಸಿ ಇಡಬೇಡ.

ಪರೀಕ್ಷೆಗೆ ಮೊದಲು ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ಇಲ್ಲಿ ನನ್ನ ಮೊದಲ ವಾರ ನಾನೂ ಜಂಬದಿಂದ ಕೂತಿದ್ದೆ. ಬೆಣ್ಣೆ ಹೆಚ್ಚಿರುವುದು ಇದು, ಕಡಿಮೆ ಇರುವುದು ಅದು ಎಂದು ಪಟಪಟ ಹೇಳಿದೆ. ಎರಡೂ ಒಂದೇ ತಟ್ಟೆಯ ಬಿಸ್ಕತ್ತು. ಬಣ್ಣ ಸ್ವಲ್ಪ ಬೇರೆ ಇತ್ತು, ಅಷ್ಟಕ್ಕೇ ನನ್ನ ನಾಲಿಗೆ ಬೆಣ್ಣೆ ಹುಟ್ಟಿಸಿಕೊಂಡಿತ್ತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಮಾರನೆಯ ದಿನ ನೋಡಿದರೆ ಎಲ್ಲರಿಗೂ ಹಾಗೇ ಆಗಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಮೊದಲೇ ಜಂಬ ಕೊಚ್ಚಿಕೊಳ್ಳಬೇಡ. ಈಗಾಗಲೇ ಕೊಚ್ಚಿಕೊಂಡಿದ್ದೀಯ ಎಂದು ಗೊತ್ತು.

ನಿನ್ನ
ಲೊರೀನ್

*

ಟಾರ್ಬೆಲ್
ಜನವರಿ 11, 1987

ಲೊರೀನ್‌ಗೆ,

ನಿನ್ನೆ ಊಟ ಆಯಿತು. ಡೋನಟ್ ಚೆನ್ನಾಗಿತ್ತು. ನಡುನಡುವೆ ಬಾಯಿಯ ಸಿಹಿ ಕಳೆಯಲೆಂದು ಕೊಟ್ಟ ಸೌತೆಯ ಉಪ್ಪಿನಕಾಯಿ ಹಳಸಿತ್ತು. ಹಿಮ ಹಳೆಯದು. ನೆಲಮಾಳಿಗೆಯ ಒಲೆ ಹೊಗೆಯಾಡುತ್ತಿತ್ತು. ಇಂಥದರಲ್ಲಿ ಯಾವ ನಾಲಿಗೆಯೂ ಕೆಲಸ ಮಾಡುವುದಿಲ್ಲ.

ಒಂದು ಪ್ರಶ್ನೆ ಇದೆ. ಬಟ್ಟಲುಗಳಿಗೆ ಹೆಸರಿರಲಿಲ್ಲ, ಸರಿ. ಆದರೆ ಪಾಕದ ಬಣ್ಣ ಕಾಣಬಾರದು ಎಂದು ಮೇಜಿನ ಮೇಲೆ ಒಂದು ಕೆಂಪು ದೀಪ ಹಾಕಿದ್ದರು. ಅದರ ಬೆಳಕಲ್ಲಿ ಪಾದ್ರಿಗಳು ಕೂಡ ಕಳ್ಳರ ಹಾಗೆ ಕಾಣುತ್ತಿದ್ದರು. ಇಂಥ ಕೆಂಪು ದೀಪದ ಉಪಾಯ ಟಾರ್ಬೆಲ್‌ನ ಮಕ್ಕಳಿಗೆ ತಾನಾಗಿ ಹೊಳೆಯುವಂಥದಲ್ಲ. ಬಿಸ್ಕತ್ತು ಕಾರ್ಖಾನೆಯಲ್ಲಿರುವವರಿಗೆ ಹೊಳೆಯಬಹುದು. ನಾನು ಏನೂ ಹೇಳುತ್ತಿಲ್ಲ.

ನಾನು, ಎಲ್ವುಡ್ ಸೇರಿ ಒಂದು ಮನವಿ ಬರೆದಿದ್ದೇವೆ. ಯೋಚನೆಯ ತಾಸನ್ನು ನಿಲ್ಲಿಸಿ ಕೈಬರಹವನ್ನು ಮತ್ತೆ ತರಬೇಕು ಎಂದು. ಸಹಿಗಳು ಬೇಕಾದಷ್ಟು ಸಿಕ್ಕಿವೆ. ಮಾರ್ಚಿನಲ್ಲಿ ಊರವರೆಲ್ಲ ಸೇರುವ ವರ್ಷದ ಊರ ಸಭೆಯಲ್ಲಿ ಮತಕ್ಕೆ ಬರುತ್ತದೆ. ಆ ತಾಸು ಹೋದರೆ ತಾನೂ ಹೋಗುತ್ತೇನೆ ಎಂದು ಮಿಸ್ ಲಡ್ಲೊ ಹೇಳಿದ್ದಾಳಂತೆ. ಹೋಗುವವರನ್ನು ನಾನು ಎಂದೂ ತಡೆದವನಲ್ಲ.

ವರ್ನ್ ಸ್ಟಾನರ್ಡ್
ಸಭಾಪತಿ

*

ಟಾರ್ಬೆಲ್ ಗ್ರಾಮ ಶಾಲೆ
ಜನವರಿ 13, 1987

ಮಾನ್ಯ ಸ್ಟಾನರ್ಡ್ ತಾತ ಅವರಿಗೆ,

ಪರೀಕ್ಷೆಗೆ ಬಂದದ್ದಕ್ಕೆ ವಂದನೆಗಳು. ಫಲಿತಾಂಶವನ್ನು ನಿಮಗೂ ತಿಳಿಸಬೇಕು ಎಂದು ಮಿಸ್ ಹೇಳಿದರು. ನೀವು ಆವತ್ತು ಬೇಗ ಹೊರಟುಬಿಟ್ಟಿರಿ.

ಮೊದಲನೇ ಬಟ್ಟಲಿಗೆ ನೀವು, "ಇದು ನಂದು. ಏಪ್ರಿಲ್ ಮೊದಲನೇ ವಾರದ್ದು. ದೇವರ ಮುಂದೆ ಇಡಬಹುದು" ಎಂದಿರಿ. ಅದು ಅಂಗಡಿಯಲ್ಲಿ ಸಿಗುವ ಮೆಕ್ಕೆಜೋಳದ ಪಾಕ. ಅದರಲ್ಲಿ ಮೇಪಲ್ ಇಲ್ಲವೇ ಇಲ್ಲ.

ಮೂರನೇ ಬಟ್ಟಲಿಗೆ, "ಇದರಲ್ಲಿ ಎಲ್ವುಡ್ ಪೈಕ್ ಕಾಲುಚೀಲ ಅದ್ದಿದಾನೆ" ಎಂದಿರಿ. ಐದನೇ ಬಟ್ಟಲಿಗೆ, "ಪರವಾಗಿಲ್ಲ, ಯಾರೋ ಕಲಿಯೋ ಹುಡುಗರು ಮಾಡಿರೋದು" ಎಂದಿರಿ. ಮೂರನೆಯದೂ ಐದನೆಯದೂ ಒಂದೇ ಶೀಶೆಯದು. ಎರಡೂ ನಿಮ್ಮದೇ.

ಪೈಕ್ ತಾತ ಅಲ್ಲಿ ಬಹಳ ಹೊತ್ತು ನಕ್ಕರು. ನಾವು ನಗಲಿಲ್ಲ. ನಮ್ಮ ತರಗತಿಯ ಪೀಟರ್ ಮಾತ್ರ ಸ್ವಲ್ಪ ನಕ್ಕ, ಅವನಿಗೆ ಮಿಸ್ ಬುದ್ಧಿ ಹೇಳಿದ್ದಾರೆ.

ಪರೀಕ್ಷೆಯಲ್ಲೇ ಏನಾದರೂ ತಪ್ಪಿರಬಹುದು ಎಂದು ನಾವು ಚರ್ಚೆ ಮಾಡಿದೆವು. ಉಪ್ಪಿನಕಾಯಿ ಹಳಸಿತ್ತು ಎಂದು ನೀವು ಹೇಳಿದ್ದನ್ನೂ ಬರೆದುಕೊಂಡೆವು. ನಾನೂ ತಿಂದು ನೋಡಿದೆ, ಸ್ವಲ್ಪ ಹಳಸಿತ್ತು. ಆದ್ದರಿಂದ ಇನ್ನೊಂದು ಸಲ ನೀವು ಹೇಳಿದ ಹಾಗೆಯೇ ಪರೀಕ್ಷೆ ಮಾಡಲು ತಯಾರಿದ್ದೇವೆ. ಹೇಗೆ ಮಾಡಿದರೆ ನ್ಯಾಯ ಎಂದು ನೀವು ಬರೆದು ತಿಳಿಸಬೇಕು. ಆಗಲೂ ತಪ್ಪಾದರೆ ನೀವು ಒಪ್ಪಿಕೊಳ್ಳುತ್ತೀರಾ ಎಂಬುದನ್ನು ಮೊದಲೇ ತಿಳಿಸಬೇಕು. ಇದು ಎಲ್ಲರಿಗೂ ಇರುವ ನಿಯಮ.

ವಿಧೇಯಳಾದ
ಡೆಲಿಯಾ ಕೋಟಾ

*

ಟಾರ್ಬೆಲ್
ಫೆಬ್ರವರಿ 8, 1987

ಲೊರೀನ್‌ಗೆ,

ನೀನು ಬರೆದಿಲ್ಲ. ನಾನು ಕೆಂಪು ದೀಪದ ಮಾತು ಎತ್ತಿದ್ದಕ್ಕೆ ಇರಬೇಕು.

ಜನ ನನ್ನನ್ನು ನೋಡಿದಾಗೆಲ್ಲ ಕಾಲುಚೀಲದ ಮಾತು ಎತ್ತುತ್ತಾರೆ. ಎಲ್ವುಡ್ ಅಂತೂ ತೊಳೆದ ಕಾಲುಚೀಲ ಒಂದನ್ನು ನನ್ನ ಅಂಚೆಪೆಟ್ಟಿಗೆಗೆ ನೇತುಹಾಕಿ ಹೋಗಿದ್ದ. ಮೂರು ವಾರ ತಡೆದೆ. ಆಮೇಲೆ ಆ ಹುಡುಗಿಗೆ ಬರೆದೆ: ನನ್ನ ಅಡುಗೆಮನೆಯಲ್ಲಿ, ಹಗಲು ಹೊತ್ತಿನಲ್ಲಿ, ನನ್ನ ಚಮಚ, ನನ್ನ ಉಪ್ಪಿನಕಾಯಿ, ನನ್ನ ಹಿತ್ತಲಿನ ಹೊಸ ಹಿಮ. ಕೆಂಪು ದೀಪ ಬೇಡ, ನಾನೇ ಕಣ್ಣಿಗೆ ಮಫ್ಲರ್ ಕಟ್ಟಿಕೊಳ್ಳುತ್ತೇನೆ. ತಪ್ಪಾದರೆ ಒಪ್ಪಿಕೊಳ್ಳುತ್ತೇನೆ.

ಅವಳು, ಅವಳ ಟೀಚರ್ ಇಬ್ಬರೂ ನಿನ್ನೆ ಬಂದಿದ್ದರು. ಮಿಸ್ ಲಡ್ಲೊ ಸಣ್ಣಗಿದ್ದಾಳೆ, ಮಾತು ಕಡಿಮೆ, ಮೂಲೆಯಲ್ಲಿ ಕುಳಿತು ಕಾಫಿ ಕುಡಿದಳು. ಮನವಿ ಬರೆದವನ ಮನೆಯಲ್ಲಿ ಕೂತಿದ್ದೇನೆ ಎಂದು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ನನಗೆ ಅದೇ ಕಷ್ಟವಾಯಿತು.

ಹೇಳುವುದೇನು, ಮತ್ತೆ ತಪ್ಪಿದೆ. ನನ್ನದೆಂದು ಹೇಳಿದ್ದು ಎಲ್ವುಡ್‌ನದು. ಅವನಿಗೆ ಇದು ತಿಳಿದರೆ ನಾನು ಊರು ಬಿಡಬೇಕು. ಸರಿಯಾದವು ಒಂದೆರಡು ಇದ್ದವು, ಅವು ಕುರುಡನ ಗುಂಡೇಟಿಗೆ ಬಿದ್ದ ಹಕ್ಕಿ ಎಂದು ನನಗೇ ಗೊತ್ತು.

ಹೇಳಬೇಕಾದದ್ದು ಅದಲ್ಲ. ಆಮೇಲೆ ಹುಡುಗಿ ತಾನೂ ಮಫ್ಲರ್ ಕಟ್ಟಿಕೊಂಡಳು. "ಪ್ರತಿ ಭಾನುವಾರ ದೋಸೆ ಮೇಲೆ ನಿಮ್ಮ ಪಾಕಾನೇ ಹಾಕ್ಕೊಳ್ಳೋದು ತಾತ. ನಂಗೆ ಖಂಡಿತ ಗೊತ್ತಾಗತ್ತೆ" ಅಂದಳು. ನೆಕ್ಕಿದಳು. ಯೋಚಿಸಿ ಒಂದನ್ನು ತೋರಿಸಿದಳು. ಅದು ಅಂಗಡಿಯ ಜೋಳದ ಪಾಕ. ಮಫ್ಲರ್ ಬಿಚ್ಚಿ ನೋಡಿದವಳೇ ಕುರ್ಚಿಯ ಮೇಲೆ ಕುಣಿದಳು. "ಮಿಸ್, ನಂದೂ ತಪ್ಪು. ಪೂರ್ತಿ ತಪ್ಪು" ಎಂದು, ಜಾತ್ರೆಯಲ್ಲಿ ಬಹುಮಾನದ ಹಂದಿಮರಿ ಗೆದ್ದವಳ ಹಾಗೆ.

"ತಪ್ಪಾಗಿದ್ದಕ್ಕೆ ಯಾಕಮ್ಮ ಇಷ್ಟು ಖುಷಿ?" ಎಂದು ಕೇಳಿದೆ.

"ಬೆಳಿಗ್ಗೆ ಗೊತ್ತಿಲ್ದೇ ಇದ್ದಿದ್ದು ಈಗ ಗೊತ್ತಾಯ್ತಲ್ಲ ತಾತ" ಅಂದಳು. ಆಮೇಲೆ ಉಳಿದ ಉಪ್ಪಿನಕಾಯಿಯನ್ನೆಲ್ಲ ತಿಂದು ಹೋದಳು.

ನಾನು ಎಪ್ಪತ್ತೊಂದು ವರ್ಷದಲ್ಲಿ ಬೇಕಾದಷ್ಟು ತಪ್ಪು ಮಾಡಿದ್ದೇನೆ. ಅದರಲ್ಲಿ ಒಂದಕ್ಕೂ ಕುಣಿದಿಲ್ಲ. ಅವರು ಹೋದ ಮೇಲೆ ಚಮಚಗಳನ್ನು ತೊಳೆಯುತ್ತ ಅದನ್ನೇ ಯೋಚಿಸಿದೆ. ನಮ್ಮ ಮನವಿ ಸೇರಿಸಿದ ಸಭೆಯ ವಿಷಯಪಟ್ಟಿಯನ್ನು ಆಗಲೇ ಅಂಗಡಿಯ ಬಾಗಿಲಿಗೆ ಅಂಟಿಸಿ ಆಗಿದೆ, ಈಗ ಹಿಂದೆ ತೆಗೆಯಲು ಬರುವುದಿಲ್ಲ.

ವರ್ನ್ ಸ್ಟಾನರ್ಡ್

*

ಸ್ಯಾಂಡಸ್ಕಿ
ಫೆಬ್ರವರಿ 15, 1987

ಪ್ರೀತಿಯ ಅಪ್ಪ,

ಕೆಂಪು ದೀಪ ನಾನೇ ಕಳಿಸಿದ್ದು. ನಿನ್ನ ಹುಳದ ಕಾಗದ ಓದಿದ ವಾರವೇ ಮಿಸ್ ಲಡ್ಲೊಗೆ ಬರೆದೆ, ಆಮೇಲೆ ಕಾರ್ಖಾನೆಯ ನಮ್ಮ ಕೋಣೆಯಿಂದ ಒಂದು ಹಳೇ ಬಲ್ಬನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದೆ. ಬಯ್ಯುವುದಿದ್ದರೆ ಬಯ್ಯಿ. ಆದರೆ ಹಬ್ಬದ ಕಾಗದದಲ್ಲಿ ನಿನಗೆ ಸುಳಿವು ಕೊಟ್ಟಿದ್ದೆ. ನೀನು ಗಮನಿಸಲಿಲ್ಲ, ಯಾಕೆಂದರೆ ಗೆಲ್ಲುವುದು ಗೊತ್ತಿತ್ತಲ್ಲ.

ಇನ್ನೊಂದು. ನಿನ್ನ ಕಾಗದದಲ್ಲಿ ನೀನು ಒಬ್ಬ ಹುಡುಗಿಯನ್ನು 'ಯಾಕೆ' ಎಂದು ಕೇಳಿದ್ದೀಯ. ಆ ಸಾಲನ್ನು ನಾನು ಮೂರು ಸಲ ಓದಿದೆ. ಅವಳು ಉತ್ತರ ಹೇಳುವವರೆಗೆ ನೀನು ಕಾದದ್ದನ್ನೂ ಓದಿದೆ.

ಈಗ ನಗೆ ಬಿಟ್ಟು ಹೇಳುತ್ತೇನೆ. ನಮ್ಮ ಮನೆಯಲ್ಲಿ ಹೇಗೆ ಗೊತ್ತು ಎಂದು ಕೇಳಿದವಳು ಮನೆ ಬಿಡಬೇಕಾಯಿತು. ನನಗೆ ಆಗ ಇಪ್ಪತ್ತಾರು, ಹೋಗಲು ಒಂದು ಬಸ್ಸಾದರೂ ಇತ್ತು. ಡೆಲಿಯಾಗೆ ಹನ್ನೊಂದು. ಅವಳು ಎಲ್ಲಿಗೆ ಹೋಗಬೇಕು? ಅವಳ ಟೀಚರನ್ನು ಕಳಿಸಿಬಿಟ್ಟರೆ ಆ ಹುಡುಗಿ ಮುಂದಿನ ವರ್ಷ ಚಂದವಾದ ಕೈಬರಹದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾಳೆ. ನನಗೆ ಅದನ್ನು ನೆನೆದರೆ ಸಂಕಟವಾಗುತ್ತದೆ ಅಪ್ಪ.

ಸಭಾಪತಿಯಾದವನು ಯಾರ ಪರವೂ ಮಾತಾಡಬಾರದು ಎಂದು ಗೊತ್ತು. ಕುರ್ಚಿ ಬಿಟ್ಟು ಕೆಳಗಿಳಿದರೆ ಮಾತಾಡಬಹುದು ಎಂಬುದೂ ಗೊತ್ತು, ನೀನೇ ಹೇಳಿಕೊಟ್ಟಿದ್ದೆ. ಏನು ಮಾಡುತ್ತೀಯೋ ನೋಡು.

ಲೊರೀನ್

*

ಟಾರ್ಬೆಲ್
ಮಾರ್ಚ್ 4, 1987

ಲೊರೀನ್,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ, ನನ್ನ ಮನಸ್ಸು ಯಾವ ಕಡೆ ಎಂದು ನನಗೇ ತಿಳಿದಿರಲಿಲ್ಲ. ನಿನ್ನೆ ಊರ ಸಭೆ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶಾಲೆಯ ವ್ಯಾಯಾಮದ ಹಾಲ್ ತುಂಬಿತ್ತು. ಆರನೇ ತರಗತಿಯ ಮಕ್ಕಳು ಹಿಂದಿನ ಗೋಡೆಯ ಹತ್ತಿರ ಸೇಬಿನ ಪೈ ಮಾರುತ್ತಿದ್ದರು. ರಸ್ತೆ, ಮರಳು, ಹಿಮ ತಳ್ಳುವ ಲಾರಿ ಎಲ್ಲ ಎಂದಿನಂತೆ ಮುಗಿದು, ಊಟಕ್ಕೆ ಮೊದಲು ನಮ್ಮ ಮನವಿ ಬಂತು. ಎಲ್ವುಡ್ ಎದ್ದು ಕೈಬರಹದ ಮೇಲೆ ಮಾತಾಡಿದ. ಅವನ ಕೈಬರಹವನ್ನು ಅವನ ಹೆಂಡತಿಯೇ ಓದಲಾರಳು, ಆದರೂ ಚೆನ್ನಾಗಿ ಮಾತಾಡಿದ. ಡೆಲಿಯಾಳ ತಾಯಿ ಎದ್ದು ಎರಡೇ ಮಾತು ಹೇಳಿದಳು: "ನನ್ನ ಮಗಳು ಈಗ ಶುಕ್ರವಾರ ಬರ್ಲಿ ಅಂತ ಕಾಯ್ತಾಳೆ. ನನಗೆ ಅಷ್ಟೇ ಗೊತ್ತಿರೋದು." ಮಿಸ್ ಲಡ್ಲೊ ಮಾತಾಡಲಿಲ್ಲ. ಅವಳಿಗೆ ಈ ಊರಿನಲ್ಲಿ ಇನ್ನೂ ಮತವಿಲ್ಲ.

ಕುರ್ಚಿ ಬಿಟ್ಟು ಇಳಿಯಬೇಕೆಂದು ಎರಡು ಸಲ ಸಭಾಪತಿಯ ಮರದ ಸುತ್ತಿಗೆ ಕೆಳಗಿಟ್ಟೆ. ಎರಡು ಸಲವೂ ಮತ್ತೆ ಕೈಗೆ ತಗೊಂಡೆ. ನನಗೆ ಧೈರ್ಯವಾಗಲಿಲ್ಲ, ಇದನ್ನು ನಿನಗೆ ಸುಳ್ಳು ಹೇಳುವುದಿಲ್ಲ.

ಮತಕ್ಕೆ ಹಾಕಿದೆ. ನಮ್ಮ ಪದ್ಧತಿ ನಿನಗೆ ಗೊತ್ತು, ಕೂಗಿನ ಮತ. ಒಪ್ಪುವವರು ಹೌದು ಅನ್ನಿ ಎಂದೆ. ದೊಡ್ಡ ಕೂಗು ಎದ್ದಿತು. ಒಪ್ಪದವರು ಇಲ್ಲ ಅನ್ನಿ ಎಂದೆ. ಅದೂ ಎದ್ದಿತು, ಆದರೆ ಸಣ್ಣದು. ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಹೌದು ಗೆದ್ದಿತ್ತು. ಸುತ್ತಿಗೆ ಎತ್ತಿದೆ.

ಸಭಾಪತಿಯ ತೀರ್ಪಿನ ಮೇಲೆ ಅನುಮಾನವಿದ್ದವರು ಯಾರು ಬೇಕಾದರೂ ಎದ್ದು ತಲೆ ಎಣಿಸಿ ಎನ್ನಬಹುದು. ನಾನು ಆ ಕುರ್ಚಿಯಲ್ಲಿ ಕೂತಾಗಿನಿಂದ ಒಬ್ಬರೂ ಎದ್ದಿಲ್ಲ. ವರ್ನ್‌ನ ಕಿವಿ ಎಂದರೆ ವರ್ನ್‌ನ ಕಿವಿ. ನಿನ್ನೆಯೂ ಯಾರೂ ಏಳಲಿಲ್ಲ. ಮಿಸ್ ಲಡ್ಲೊ ಆಗಲೇ ಕೋಟಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಳು. ಹಿಂದೆ ಪೈ ಮೇಜಿನ ಹತ್ತಿರ ಡೆಲಿಯಾ ನನ್ನನ್ನೇ ನೋಡುತ್ತಿದ್ದಳು. ಮಕ್ಕಳಿಗೆ ಅಲ್ಲಿ ಮಾತಾಡುವ ಹಕ್ಕಿಲ್ಲ. ಅವಳ ಮುಖದಲ್ಲಿ ಆ ಕರಿಹಲಗೆಯ ಸಾಲು ಬರೆದ ಹಾಗಿತ್ತು.

ಸುತ್ತಿಗೆ ಹೊಡೆಯಲು ನನ್ನಿಂದಾಗಲಿಲ್ಲ. "ನನ್ನ ಕಿವಿಗೆ ಹೌದು ಗೆದ್ದಿದೆ ಅಂತ ಕೇಳಿಸ್ತು" ಎಂದೆ. "ಆದ್ರೆ ಜನವರೀಲಿ ನನ್ನ ನಾಲಿಗೆಗೆ ಏನೇನು ಅನ್ನಿಸಿತ್ತು ಅಂತ ನೀವೆಲ್ಲ ನೋಡಿದೀರಿ. ಕಿವಿ ಇರೋದೂ ಅದೇ ತಲೇಲಿ. ಎದ್ದು ನಿಂತ್ಕೊಳ್ಳಿ, ಎಣಿಸೋಣ."

ಹಾಲಿನಲ್ಲಿ ನಗೆ ಎದ್ದಿತು. ಎಲ್ವುಡ್ ಮಾತ್ರ, "ವರ್ನ್, ನಾವು ಗೆದ್ದಿದೀವಲ್ಲೋ, ಹೊಡಿಯೋ" ಎಂದು ಮುಂದಿನ ಸಾಲಿನಿಂದ ಪಿಸುಗುಟ್ಟಿದ. ಅವನ ಪಿಸುಮಾತು ಪಕ್ಕದ ಊರಿಗೂ ಕೇಳಿಸಿತು. ಆಗ ನನಗೆ ಅರ್ಥವಾಯಿತು. ನಮ್ಮ ಪರವಾಗಿದ್ದವರೆಲ್ಲ ಮುಂದೆ ನನ್ನ ಕಾಲಬುಡದಲ್ಲೇ ಕೂತಿದ್ದರು, ಅದರಲ್ಲಿ ಅರ್ಧ ಕೂಗು ಎಲ್ವುಡ್ ಒಬ್ಬನದೇ. ಮಕ್ಕಳಿರುವ ತಾಯಂದಿರು ಕೂಸುಗಳನ್ನು ಮಲಗಿಸಿಕೊಂಡು ಹಿಂದೆ ಕೂತು ಮೆಲ್ಲಗೆ 'ಇಲ್ಲ' ಎಂದಿದ್ದರು.

ಊರ ಗುಮಾಸ್ತೆ ಬರ್ನಿಸ್ ಎಣಿಸಿದಳು. ಇನ್ನೊಮ್ಮೆ ಎಣಿಸು ಎಂದೆ, ಎಣಿಸಿದಳು. ಇಲ್ಲ ಎಂದವರು ನಾಲ್ಕು ತಲೆ ಜಾಸ್ತಿ. ಮನವಿ ಬಿತ್ತು. ತಾಸು ಉಳಿಯಿತು. ಮಿಸ್ ಲಡ್ಲೊ ಕೋಟಿನ ಗುಂಡಿಯನ್ನು ಒಂದೊಂದಾಗಿ ಬಿಚ್ಚಿ ಕೂತುಕೊಂಡಳು. ನನ್ನ ಮನವಿಯೇ ಬಿದ್ದು ನನಗೆ ಇಷ್ಟು ಸಂತೋಷವಾಗುತ್ತದೆ ಎಂದು ಬೆಳಿಗ್ಗೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಕುಣಿಯಲಿಲ್ಲ, ಮಂಡಿ ನೋವಿದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡೆಯಾ? ಎಲ್ವುಡ್ ಎದ್ದು ನಿಂತ. "ಸಭಾಪತಿಗಳೇ, ಹಂಗಾದ್ರೆ ಎಪ್ಪತ್ತೊಂಬತ್ತರಲ್ಲಿ ಬೆಂಕಿ ಆರಿಸೋ ಲಾರಿ ತಗೊಂಡ್ವಲ್ಲ, ಅದು ನಿಜವಾಗ್ಲೂ ಗೆದ್ದಿತ್ತಾ?" ಅಂದ. ಅಷ್ಟು ಸಾಕಾಯಿತು. ಒಬ್ಬರು ಸೇತುವೆ ಅಂದರು, ಒಬ್ಬರು ನಾಯಿಗಳ ಕಾಯಿದೆ ಅಂದರು. ಕಳೆದ ಇಪ್ಪತ್ತು ವರ್ಷದ ಟಾರ್ಬೆಲ್ ಊರೇ ನನ್ನ ಕಿವಿಯ ಮೇಲೆ ನಿಂತಿದೆ ಎಂದು ಗೊತ್ತಾಗಿ ಊಟ ತಣ್ಣಗಾಯಿತು. ಮಕ್ಕಳು ಮಾತ್ರ ಪೈ ಎಲ್ಲ ಮಾರಿದರು.

ಹೊರಡುವಾಗ ಡೆಲಿಯಾ ಒಂದು ತುಂಡು ಪೈ ತಂದುಕೊಟ್ಟಳು. "ಇದರ ಸೇಬು ಯಾರ ಮರದ್ದು ಗೊತ್ತಾ ತಾತ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಆ ಮಾತು ಬಾಯಿಂದ ಸಲೀಸಾಗಿ ಬಂತು.

ಈಗ ನಿನ್ನ ವಿಷಯ. ಈ ವಾರ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುತ್ತಿದೆ, ಇನ್ನೇನು ರಸ ಇಳಿಯುತ್ತದೆ. ಗುಡ್ಡದ ಎಡಗಡೆಯ ಮರಗಳಿಗೆ ಬಕೆಟ್ ಕಟ್ಟಿದ್ದೇನೆ. ಬಲಗಡೆ ಕೊಳವೆ ಎಳೆಸಿದ್ದೇನೆ. ಎಲ್ವುಡ್ ನೋಡಿ, ನಿಮ್ಮಜ್ಜ ಗೋರಿಯಲ್ಲಿ ಮಗ್ಗುಲು ಬದಲಿಸಿದರು ಎಂದ. ಹೇಗೆ ಗೊತ್ತು ಎಂದು ಕೇಳಿದೆ, ಬಯ್ದು ಹೋದ.

ಎರಡೂ ಕಡೆಯ ರಸವನ್ನು ಬೇರೆ ಬೇರೆ ಕಾಯಿಸಬೇಕು. ಯಾವ ಶೀಶೆ ಯಾವ ಕಡೆಯದು ಎಂದು ನನಗೆ ತಿಳಿಯಬಾರದು, ನಿನಗೂ ತಿಳಿಯಬಾರದು. ಶೀಶೆಗಳಿಗೆ ಗುರುತು ಹಾಕುವುದು ಡೆಲಿಯಾಳ ಕೆಲಸ, ಒಪ್ಪಿಕೊಂಡಿದ್ದಾಳೆ. ರುಚಿ ನೋಡಲು ಇನ್ನೊಂದು ನಾಲಿಗೆ ಬೇಕು. ಕೊಳವೆಯಲ್ಲಿ ಪಾಕ ಕೆಡುತ್ತದೆ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಅನ್ನಿಸುತ್ತದೆ, ಅಷ್ಟೇ. ನಿನ್ನ ಬೂಟುಗಳನ್ನು ಆಲೆಮನೆಯ ಒಲೆಯ ಪಕ್ಕ ಒಣಗಲು ಇಟ್ಟಿದ್ದೇನೆ. ಐದು ವರ್ಷ ಮೊಳೆಗೇ ನೇತಾಡುತ್ತಿದ್ದವು, ಒಳಗೆ ಇಲಿ ಗೂಡು ಕಟ್ಟಿತ್ತು, ಅದನ್ನು ತೆಗೆದಿದ್ದೇನೆ.

ಬಂದು ನಾನು ತಪ್ಪೋ ಸರಿಯೋ ನೋಡು ಯಾಕಮ್ಮ.

ಅಪ್ಪ